ಕಡತ ಕಾಯ್ದ ಸನ್ಯಾಸಿ

ಚಾಮರಾಜಪೇಟೆಯ ಹಳೆಯ ಮನೆಯೊಂದು ಮಾರಾಟಕ್ಕೆ ಬಂದಿದೆ ಎಂದುಕೊಳ್ಳಿ. ಕೊಳ್ಳುವವರು ಗೋಡೆ, ಬಾವಿ, ತೊಟ್ಟಿ ನೋಡುವ ಮೊದಲೇ ಕಾಗದಪತ್ರ ಕೇಳುತ್ತಾರೆ. ಮೂಲಪತ್ರ ಎಲ್ಲಿ? ಖಾತೆ ಯಾರ ಹೆಸರಲ್ಲಿದೆ? ತಾತನ ಕಾಲದ ವಿಭಾಗಪತ್ರ ಇದೆಯೇ? ವಕೀಲರು ಕನ್ನಡಕ ಸರಿಮಾಡಿಕೊಂಡು ಛಾಪಾ ಕಾಗದವನ್ನು ಬೆಳಕಿಗೆ ಹಿಡಿಯುತ್ತಾರೆ. ಕಾಗದ ಆ ಕಾಲದ್ದೇ? ಮುದ್ರೆ ಸರಿಯಾಗಿದೆಯೇ? ಸಹಿ ಹಾಕಿದವರು ಆ ತಾರೀಖಿನಂದು ಬದುಕಿದ್ದರೇ? ಒಕ್ಕಣೆ ಆಗಿನ ಪತ್ರ ಬರಹಗಾರರ ಒಕ್ಕಣೆಯೇ? ಇವುಗಳಲ್ಲಿ ಒಂದಕ್ಕೆ ಸರಿಯಾದ ಉತ್ತರ ಸಿಗದಿದ್ದರೂ ವ್ಯವಹಾರ ಅಲ್ಲಿಗೇ ನಿಲ್ಲುತ್ತದೆ.

ಮನೆಯ ಕಾಗದಕ್ಕೆ ಕೇಳುವ ಈ ಪ್ರಶ್ನೆಗಳನ್ನೇ ಇತಿಹಾಸ ಬರೆಯುವವರು ರಾಜರ ದಾನಪತ್ರಕ್ಕೂ ಕೇಳಬೇಕಾಗುತ್ತದೆ. ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನದ ಹತ್ತಿರದ ಬಂಡೆಯ ಮೇಲೆ 1669ರ ಕನ್ನಡ ಶಾಸನವೊಂದಿದೆ. ಶಿವಾಜಿಯ ಮಲತಮ್ಮ ಏಕೋಜಿ ಮಲ್ಲಾಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ಬಿಟ್ಟುಕೊಟ್ಟ ದಾಖಲೆ ಅದು. ಬೆಂಗಳೂರಿನ ಒಂದು ಬಡಾವಣೆಯ ವಯಸ್ಸು ಹೇಳುವಾಗ ನಾವು ಆ ಬಂಡೆಯನ್ನೇ ನೆಚ್ಚಿಕೊಳ್ಳುತ್ತೇವೆ. ಕಲ್ಲಿನಲ್ಲಿ ಬರೆದಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ನಂಬುವುದಿಲ್ಲ. ಕಲ್ಲಿನಲ್ಲೂ ಸುಳ್ಳು ಕೆತ್ತಬಹುದು, ತಾಮ್ರದಲ್ಲೂ ಕೆತ್ತಬಹುದು. ಲಿಪಿ, ಭಾಷೆ, ತಿಥಿ, ಹೆಸರು ಎಲ್ಲವೂ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡಿದ ಮೇಲೆ ನಂಬುತ್ತೇವೆ.

ಹೀಗೆ ತಾಳೆ ನೋಡುವ ಕ್ರಮವನ್ನು ಒಂದು ಶಾಸ್ತ್ರವಾಗಿ ಬರೆದಿಟ್ಟವರು ರಾಜನ ಅಧಿಕಾರಿಯಲ್ಲ, ನ್ಯಾಯಾಧೀಶರೂ ಅಲ್ಲ. ಸ್ವಂತದ್ದೆಂದು ಒಂದು ಗೇಣು ನೆಲವೂ ಇರದ ಸನ್ಯಾಸಿ ಅವರು. ಮಲ್ಲೇಶ್ವರದ ಬಂಡೆಯಲ್ಲಿ ಅಕ್ಷರ ಮೂಡಿದ 12 ವರ್ಷಕ್ಕೆ, 1681ರಲ್ಲಿ, ಪ್ಯಾರಿಸ್ಸಿನಲ್ಲಿ ಅವರ ಪುಸ್ತಕ ಪ್ರಕಟವಾಯಿತು. ಹೆಸರು ಝಾನ್ ಮಾಬಿಯೋನ್. ಬೆನೆಡಿಕ್ಟೀನ್ ಪಂಥದ ಸನ್ಯಾಸಿ, ದಾಖಲೆಪಾಲಕ, ಇತಿಹಾಸಕಾರ.

ಮೈಸೂರು ರಸ್ತೆಯ ಬೆನೆಡಿಕ್ಟೀನರು

ಬೆನೆಡಿಕ್ಟೀನರು ಬೆಂಗಳೂರಿಗೆ ಅಪರಿಚಿತರಲ್ಲ. ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಕುಂಬಳಗೋಡಿಗೆ ಹೋದರೆ ಅಲ್ಲಿ ಆಶೀರ್ವನಂ ಎಂಬ ಮಠವಿದೆ. ಅದು ಇದೇ ಪಂಥದ್ದು. ತಮಿಳುನಾಡಿನ ಸೇಲಂ ಕಡೆಯ ಸಿಲುವೈಗಿರಿಯಲ್ಲಿ ಹುಟ್ಟಿದ ಮಠ 1950ರ ದಶಕದಲ್ಲಿ ಇಲ್ಲಿಗೆ ಬಂತು. ಕೇರಳದ ಕುರಿಶುಮಲ, ತಮಿಳುನಾಡಿನ ಶಾಂತಿವನ ಆಶ್ರಮಗಳಿಂದ ಮುಂದೆ ಹೆಸರಾದ ಬೀಡ್ ಗ್ರಿಫಿತ್ಸ್ ಕೂಡ 1955ರಲ್ಲಿ ಇಂಗ್ಲೆಂಡಿನಿಂದ ಬಂದಾಗ ಮೊದಲು ನೆಲೆ ಹುಡುಕಿದ್ದು ಕೆಂಗೇರಿಯಲ್ಲಿ.

ನಾವು ಸಾಮಾನ್ಯವಾಗಿ ಕಾಣುವ ಪಾದ್ರಿಗಳಿಗೂ ಈ ಸನ್ಯಾಸಿಗಳಿಗೂ ವ್ಯತ್ಯಾಸವಿದೆ. ಪಾದ್ರಿ ಒಂದು ಚರ್ಚಿನಿಂದ ಇನ್ನೊಂದಕ್ಕೆ ವರ್ಗವಾಗುತ್ತಾರೆ, ಊರಿನ ಜನರ ಮದುವೆ, ಮರಣಗಳಲ್ಲಿ ನಿಲ್ಲುತ್ತಾರೆ. ಬೆನೆಡಿಕ್ಟೀನ್ ಸನ್ಯಾಸಿ ಸೇರಿದ ಮಠದಲ್ಲೇ ಸಾಯುವ ತನಕ ಇರುತ್ತೇನೆ ಎಂದು ವ್ರತ ತೊಡುತ್ತಾರೆ. ನಮ್ಮ ಪರಿವ್ರಾಜಕ ಸನ್ಯಾಸಿಗೆ ಒಂದೇ ಊರಿನಲ್ಲಿ ನಿಲ್ಲಬಾರದೆಂಬ ಕಟ್ಟು. ಇವರಿಗೆ ಬಿಟ್ಟು ಹೋಗಬಾರದೆಂಬ ಕಟ್ಟು.

ಈ ಕಟ್ಟುಗಳ ಮೂಲ ಇಟಲಿಯ ಸಂತ ಬೆನೆಡಿಕ್ಟರದು. ಕ್ರಿ.ಶ. 480ರ ಸುಮಾರಿಗೆ ಹುಟ್ಟಿದ ಅವರು ಮಾಂಟೆ ಕಸಿನೋ ಬೆಟ್ಟದ ಮೇಲೆ ಮಠ ಕಟ್ಟಿ, ತಮ್ಮವರಿಗಾಗಿ 73 ಅಧ್ಯಾಯಗಳ ಒಂದು ನಿಯಮ ಬರೆದರು. ಎದ್ದೇಳುವ ಹೊತ್ತು, ಉಣ್ಣುವ ಅಳತೆ, ಹಗಲಲ್ಲಿ ಏಳು ಬಾರಿ ಮತ್ತು ರಾತ್ರಿ ಒಮ್ಮೆ ಪ್ರಾರ್ಥನೆ, ನಡುವೆ ಕೈಕೆಲಸ ಮತ್ತು ಓದು, ಎಲ್ಲವೂ ಅದರಲ್ಲಿ ಬಂದಿದೆ. ಸುಮಾರು 1,500 ವರ್ಷಗಳಿಂದ ಈ ಮಠಗಳು ನಡೆದುಕೊಂಡು ಬಂದಿರುವುದು ಆ ನಿಯಮದ ಮೇಲೆಯೇ.

ನಿಯಮದಲ್ಲೇ ಇರುವ ಕಡತ

ಸನ್ಯಾಸಿಗೂ ದಾಖಲೆಗೂ ಏನು ಸಂಬಂಧ ಎಂದು ಕೇಳಬಹುದು. ಆ ಸಂಬಂಧ ನಿಯಮದ ಒಳಗೇ ಇದೆ.

ಮಠದ ಉಪಕರಣ, ಬಟ್ಟೆಬರೆಗಳ ಪಟ್ಟಿಯನ್ನು ಮಠಾಧಿಪತಿ ಇಟ್ಟುಕೊಂಡಿರಬೇಕು ಎನ್ನುತ್ತದೆ 32ನೇ ಅಧ್ಯಾಯ. ಏನು ಕೊಟ್ಟೆ, ಏನು ವಾಪಸು ಬಂತು ಎಂಬುದಕ್ಕೆ ಲೆಕ್ಕ ಇರಬೇಕು. ಓದಿಗೆ ಹೊತ್ತು ಗೊತ್ತುಮಾಡುವುದು 48ನೇ ಅಧ್ಯಾಯ. ಈಸ್ಟರ್ ಹಬ್ಬದ ಮುಂಚಿನ ತಪಸ್ಸಿನ ಕಾಲದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಪುಸ್ತಕ ಕೊಡಬೇಕು, ಅದನ್ನು ಮೊದಲಿಂದ ಕೊನೆಯವರೆಗೆ ಓದಬೇಕು ಎಂದೂ ಅಲ್ಲಿದೆ. ಪುಸ್ತಕ ಕೊಡಬೇಕಾದರೆ ಪುಸ್ತಕ ಭಂಡಾರ ಬೇಕು. ಭಂಡಾರ ತುಂಬಬೇಕಾದರೆ ಪ್ರತಿ ತೆಗೆಯುವವರು ಬೇಕು.

ಇವೆರಡಕ್ಕಿಂತ ಹೆಚ್ಚು ಬೆರಗು ಹುಟ್ಟಿಸುವುದು 58ನೇ ಅಧ್ಯಾಯ. ಹೊಸದಾಗಿ ಸೇರುವವನು ತನ್ನ ವ್ರತವನ್ನು ಸ್ವಂತ ಕೈಯಿಂದ ಬರೆದು ಪೂಜಾಪೀಠದ ಮೇಲೆ ಇಡಬೇಕು. ಬರೆಯಲು ಬಾರದಿದ್ದರೆ ಬೇರೆಯವರಿಂದ ಬರೆಯಿಸಿ ತಾನು ಗುರುತು ಹಾಕಬೇಕು. ಮುಂದೊಂದು ದಿನ ಅವನು ಮಠ ಬಿಟ್ಟು ಹೋದರೆ ಅವನ ಬಟ್ಟೆ ಅವನಿಗೆ ಸಿಗುತ್ತದೆ, ಆ ಪತ್ರ ಸಿಗುವುದಿಲ್ಲ. ಅದು ಮಠದಲ್ಲೇ ಉಳಿಯಬೇಕು. ಮನುಷ್ಯ ಹೋದರೂ ಅವನ ದಾಖಲೆ ಹೋಗಬಾರದು ಎಂದು ಆರನೆಯ ಶತಮಾನದಲ್ಲೇ ಬರೆದಿಟ್ಟಿದ್ದಾರೆ.

ಇದಕ್ಕೆ ವ್ಯವಹಾರದ ಕಾರಣವೂ ಸೇರಿಕೊಂಡಿತು. ರಾಜರು, ಪಾಳೆಯಗಾರರು ಪುಣ್ಯಕ್ಕಾಗಿ ಮಠಗಳಿಗೆ ಹೊಲ, ಕಾಡು, ಗಿರಣಿ, ಸುಂಕ ಬಿಟ್ಟುಕೊಟ್ಟರು. ನಮ್ಮ ದೇವಸ್ಥಾನಗಳಿಗೆ ಇನಾಂ ಬಂದ ಹಾಗೆಯೇ. ಕೊಟ್ಟವನ ಮೊಮ್ಮಗ ಬಂದು ತಕರಾರು ಎತ್ತಿದಾಗ ತೋರಿಸಲು ಪತ್ರ ಬೇಕು. ಪತ್ರ ಸುಟ್ಟುಹೋಗಿದ್ದರೆ, ಹುಳ ತಿಂದಿದ್ದರೆ ಕೆಲವು ಮಠಗಳು ಹೊಸದೊಂದನ್ನು ಬರೆದು ಹಳೆಯ ರಾಜನ ಹೆಸರು ಹಾಕಿದ್ದೂ ಉಂಟು. ಹಾಗಾಗಿ ದಾಖಲೆಯನ್ನು ಚೆನ್ನಾಗಿ ಕಾಯ್ದವರ ಕಪಾಟುಗಳಲ್ಲಿ ನಕಲಿ ಪತ್ರಗಳೂ ಸೇರಿಕೊಂಡವು.

ರೈತನ ಮಗ, ರೋಗಿ, ಓದುಗ

ಮಾಬಿಯೋನ್ ಹುಟ್ಟಿದ್ದು 1632ರ ನವೆಂಬರ್ 23ರಂದು, ಫ್ರಾನ್ಸಿನ ಷಾಂಪೇನ್ ಸೀಮೆಯ ಸೇಂಟ್ ಪಿಯೆರ್‌ಮೋನ್ ಎಂಬ ಹಳ್ಳಿಯಲ್ಲಿ, ರೈತಾಪಿ ಮನೆಯಲ್ಲಿ. ಇಪ್ಪತ್ತರ ಆಸುಪಾಸಿನಲ್ಲಿ ರೀಮ್ಸ್ ನಗರದ ಸೇಂಟ್ ರೆಮಿ ಮಠ ಸೇರಿದರು. ಅದು ಬೆನೆಡಿಕ್ಟೀನರಲ್ಲೇ ಮೋರಿಸ್ಟ್ ಎಂಬ ಶಾಖೆಗೆ ಸೇರಿದ್ದು. ಕಟ್ಟುನಿಟ್ಟಿನ ನಡವಳಿಕೆ, ಆಳವಾದ ಪಾಂಡಿತ್ಯ ಎರಡನ್ನೂ ಒಟ್ಟಿಗೆ ನಡೆಸಬೇಕೆಂಬುದು ಆ ಶಾಖೆಯ ಹಟ.

ಸೇರಿದ ಕೆಲವೇ ವರ್ಷಗಳಲ್ಲಿ ತೀವ್ರ ತಲೆನೋವು ಅವರನ್ನು ಹಿಡಿಯಿತು. ವಿಶ್ರಾಂತಿ ಸಿಗಲೆಂದು ಹಿರಿಯರು ಒಂದು ಮಠದಿಂದ ಇನ್ನೊಂದಕ್ಕೆ ಕಳಿಸಿದರು. ಹೋದಲ್ಲೆಲ್ಲ ಅವರು ಹಳೆಯ ಸಮಾಧಿ, ಹಳೆಯ ಬರಹ ನೋಡಿಕೊಂಡು ಕಾಲ ಕಳೆದರು. ಫ್ರಾನ್ಸಿನ ರಾಜರನ್ನು ಹೂಳುತ್ತಿದ್ದ ಸೇಂಟ್ ಡೆನಿ ಮಠದಲ್ಲಿ ಅವರಿಗೆ ಸಿಕ್ಕ ಕೆಲಸ, ಬಂದವರಿಗೆ ಸಮಾಧಿ ಮತ್ತು ಭಂಡಾರ ತೋರಿಸುವುದು. 1664ರಲ್ಲಿ ಪ್ಯಾರಿಸ್ಸಿನ ಸೇಂಟ್ ಜರ್ಮೇನ್ ಡೆ ಪ್ರೆ ಮಠದಿಂದ ಕರೆ ಬಂತು. ಅಲ್ಲಿನ ವಯಸ್ಸಾದ ಗ್ರಂಥಪಾಲಕ ಲೂಕ್ ಡಾಷೆರಿ ಅವರಿಗೆ ಸಹಾಯಕ ಬೇಕಿತ್ತು. ಮಾಬಿಯೋನ್ ಮುಂದಿನ ನಲವತ್ತಕ್ಕೂ ಹೆಚ್ಚು ವರ್ಷ ಅಲ್ಲೇ ಉಳಿದರು.

ಆ ಮಠ ಹೊರಗಿನವರಿಗೂ ಬಾಗಿಲು ತೆರೆದಿತ್ತು. ಪ್ಯಾರಿಸ್ಸಿನ ವಿದ್ವಾಂಸರು ಬಂದು ಕೂತು ಹಸ್ತಪ್ರತಿ ಚರ್ಚಿಸುತ್ತಿದ್ದರು. ಮಾಬಿಯೋನ್ ಮೊದಲು ಸಂತ ಬರ್ನಾರ್ಡರ ಕೃತಿಗಳನ್ನು ಸಂಪಾದಿಸಿ 1667ರಲ್ಲಿ ಹೊರತಂದರು. ನಂತರ ತಮ್ಮ ಪಂಥದ ಸಂತರ ಚರಿತ್ರೆಗೆ ಕೈಹಾಕಿದರು. 1668ರಲ್ಲಿ ಶುರುವಾದ ಆ ಕೆಲಸ ಮುಗಿದದ್ದು 1701ರಲ್ಲಿ, ಒಂಬತ್ತು ಸಂಪುಟಗಳಾಗಿ. ಸಂತರೆಂದು ಹೆಸರಾದವರಲ್ಲಿ ಕೆಲವರು ನಮ್ಮ ಪಂಥದವರೇ ಅಲ್ಲ ಎಂದು ಅವರು ಪಟ್ಟಿಯಿಂದ ಕೈಬಿಟ್ಟಾಗ ಮಠದೊಳಗೇ ದೂರು ಹುಟ್ಟಿತು.

ಒಂದು ಅನುಮಾನ, ಆರು ವರ್ಷದ ಉತ್ತರ

1675ರಲ್ಲಿ ಡೇನಿಯಲ್ ಪಾಪೆಬ್ರೋಕ್ ಎಂಬ ಜೆಸ್ವಿಟ್ ವಿದ್ವಾಂಸರು ಒಂದು ಪ್ರಬಂಧ ಬರೆದರು. ಅವರೂ ಸಂತರ ಚರಿತ್ರೆಯನ್ನೇ ಶೋಧಿಸುತ್ತಿದ್ದವರು. ಮಠಗಳ ಬಳಿ ಇರುವ ಹಳೆಯ ರಾಜರ ದಾನಪತ್ರಗಳಲ್ಲಿ ಬಹುಪಾಲು ನಂಬಲರ್ಹವಲ್ಲ, ಪತ್ರ ಹಳೆಯದಾದಷ್ಟೂ ಅನುಮಾನ ಹೆಚ್ಚು ಎಂಬುದು ಅವರ ವಾದ. ಸೇಂಟ್ ಡೆನಿ ಮಠದ ಪತ್ರಗಳೂ ಅವರ ಅನುಮಾನದಿಂದ ತಪ್ಪಿಸಿಕೊಳ್ಳಲಿಲ್ಲ. ಬೆನೆಡಿಕ್ಟೀನರ ಆಸ್ತಿ, ಮಾನ ಎರಡರ ಬುಡಕ್ಕೂ ಕೊಡಲಿ ಬಿದ್ದಂತಾಯಿತು.

ಇಂಥ ಮಾತಿಗೆ ಬೈಗುಳದ ಹೊತ್ತಗೆ ಬರೆದು ಉತ್ತರಿಸುವುದು ಆ ಕಾಲದ ರೂಢಿ. ಮಾಬಿಯೋನ್ ಆರು ವರ್ಷ ಸುಮ್ಮನಿದ್ದು ಮಠ ಮಠಗಳ ಪೆಟ್ಟಿಗೆ ತೆರೆಸಿ ಮೂಲ ಪತ್ರಗಳನ್ನು ಕಣ್ಣಾರೆ ನೋಡಿದರು. 1681ರಲ್ಲಿ 'ಡೆ ರೆ ಡಿಪ್ಲೊಮಾಟಿಕಾ' ಎಂಬ ಲ್ಯಾಟಿನ್ ಗ್ರಂಥವನ್ನು ಆರು ಭಾಗಗಳಲ್ಲಿ ಹೊರತಂದರು. ಅದರಲ್ಲಿ ಪಾಪೆಬ್ರೋಕರ ಮೇಲೆ ಹರಿಹಾಯಲಿಲ್ಲ. ಪತ್ರ ಅಸಲಿಯೋ ನಕಲಿಯೋ ಎಂದು ತಿಳಿಯುವುದು ಹೇಗೆಂದು ವಿವರಿಸಿ, ಹಳೆಯ ಲಿಪಿಗಳ ಮಾದರಿಗಳನ್ನು ತಾಮ್ರದ ಅಚ್ಚಿನಲ್ಲಿ ಮುದ್ರಿಸಿ ಓದುಗರ ಮುಂದಿಟ್ಟರು.

ಪುಸ್ತಕ ಓದಿದ ಪಾಪೆಬ್ರೋಕ್ ತಾವು ಸೋತೆವೆಂದು ಒಪ್ಪಿ ಕಾಗದ ಬರೆದರು. ತಮ್ಮ ಪ್ರಬಂಧದಿಂದ ಆದ ಒಳ್ಳೆಯದೆಂದರೆ ಇಂಥದೊಂದು ಪುಸ್ತಕ ಹುಟ್ಟಲು ಅದು ಕಾರಣವಾದದ್ದು ಎಂಬ ಅರ್ಥದ ಮಾತು ಆ ಕಾಗದದಲ್ಲಿದೆ. ವಿದ್ವಾಂಸರ ಜಗಳಗಳ ಚರಿತ್ರೆಯಲ್ಲಿ ಇದು ಅಪರೂಪ. ಫ್ರಾನ್ಸಿನ ಮಂತ್ರಿ ಕೋಲ್ಬೆರ್ ವರ್ಷಾಶನ ಕೊಡಲು ಮುಂದಾದರು. ಮಾಬಿಯೋನ್ ಬೇಡವೆಂದರು.

ಪತ್ರವನ್ನು ಓದುವ ಮೊದಲು ನೋಡಿ

ಮಾಬಿಯೋನರ ಕ್ರಮ ಕೇಳಲು ಸರಳ. ಪತ್ರದ ಒಳಗೇನಿದೆ ಎಂದು ಓದುವ ಮೊದಲು ಪತ್ರವನ್ನೇ ನೋಡಬೇಕು.

ಮೊದಲು ಅದು ಯಾವುದರ ಮೇಲೆ ಬರೆದಿದೆ ಎಂಬ ಪ್ರಶ್ನೆ. ಫ್ರಾನ್ಸಿನ ಆದಿ ರಾಜರ ಕಚೇರಿ ಏಳನೆಯ ಶತಮಾನದ ಬಹುಭಾಗ ಪಪೈರಸ್ ಹಾಳೆ ಬಳಸಿ, ನಂತರ ಹದ ಮಾಡಿದ ಚರ್ಮಕ್ಕೆ ಬಂತು. ಆಮೇಲೆ ಶಾಯಿ, ಲಿಪಿ. ಪ್ರತಿ ಕಾಲಕ್ಕೂ, ಪ್ರತಿ ಕಚೇರಿಗೂ ಅಕ್ಷರ ತಿರುವುವ ರೀತಿ ಬೇರೆ. ಆಮೇಲೆ ಒಕ್ಕಣೆ. ದೇವರ ಹೆಸರು ಹೇಗೆ ಬರುತ್ತದೆ, ರಾಜನ ಬಿರುದುಗಳು ಯಾವ ಸಾಲಿನಲ್ಲಿ ನಿಲ್ಲುತ್ತವೆ, ದಾನ ಕೆಡಿಸಿದವರಿಗೆ ಶಾಪ ಹೇಗೆ ಹಾಕಿದ್ದಾರೆ. ನಂತರ ಸಹಿ, ಮುದ್ರೆ, ಸಾಕ್ಷಿಗಳು. ಕೊನೆಗೆ ಕಾಲ ಹೇಳುವ ರೀತಿ. ಆ ಹಳೆಯ ರಾಜರು ತಮ್ಮ ಆಳ್ವಿಕೆಯ ವರ್ಷ ಲೆಕ್ಕಿಸುತ್ತಿದ್ದರೇ ಹೊರತು ಕ್ರಿಸ್ತಶಕ ಹಾಕುತ್ತಿರಲಿಲ್ಲ. ಅಂಥ ರಾಜನ ಪತ್ರದಲ್ಲಿ ಕ್ರಿಸ್ತಶಕ ಕಂಡರೆ ಕಿವಿ ನಿಮಿರಬೇಕು.

ಇಷ್ಟು ಹೇಳಿ ಒಂದು ಎಚ್ಚರಿಕೆಯನ್ನೂ ಅವರು ಕೊಟ್ಟರು. ಒಂದೇ ಒಂದು ತಪ್ಪು ಕಂಡಿತೆಂದು ಪತ್ರವನ್ನು ನಕಲಿ ಎನ್ನಬೇಡಿ, ಒಂದೇ ಒಂದು ಗುಣ ಕಂಡಿತೆಂದು ಅಸಲಿ ಎನ್ನಲೂ ಬೇಡಿ. ಬರಹಗಾರ ನಿದ್ದೆಗಣ್ಣಲ್ಲಿ ತಪ್ಪು ಮಾಡಿರಬಹುದು. ಅಸಲಿ ಪತ್ರದಿಂದ ತೆಗೆದ ಪ್ರತಿಯಲ್ಲಿ ಹೊಸ ಕಾಲದ ಅಕ್ಷರ ನುಸುಳಿರಬಹುದು. ಎಲ್ಲ ಗುರುತುಗಳನ್ನು ಒಟ್ಟಿಗೆ ಇಟ್ಟು ತೂಗಬೇಕು. ಅದಕ್ಕೆ ನೂರಾರು ಮೂಲಗಳನ್ನು ನೋಡಿದ ಕಣ್ಣು ಬೇಕು. ಪಾಪೆಬ್ರೋಕ್ ಎಡವಿದ್ದು ಇಲ್ಲಿಯೇ: ಅವರು ನೋಡಿದ ಪತ್ರಗಳು ಕೆಲವೇ ಕೆಲವು.

ಇಷ್ಟೆಲ್ಲ ತಿಳಿದ ಗುರುವೂ ಒಮ್ಮೆ ಮೋಸಹೋದರು. ಬೂಯೋನ್ ಎಂಬ ಪ್ರತಿಷ್ಠಿತ ಮನೆತನ ತನ್ನ ವಂಶದ ಹಿರಿತನ ಸಾರುವ ಕೆಲವು ಹಳೆಯ ಹಾಳೆಗಳನ್ನು ಮುಂದಿಟ್ಟಿತು. 1695ರಲ್ಲಿ ಮಾಬಿಯೋನ್, ಅವರ ಶಿಷ್ಯ ರ್‍ವಿನಾರ್, ವಿದ್ವಾಂಸ ಬಲೂಝ್ ಮೂವರೂ ಅವು ಅಸಲಿ ಎಂದು ಸಹಿ ಹಾಕಿದರು. ಕೆಲವೇ ವರ್ಷಗಳಲ್ಲಿ ಅವನ್ನು ಸೃಷ್ಟಿಸಿದ ಆಸಾಮಿ ಸಿಕ್ಕಿಬಿದ್ದ.

ಮಠದೊಳಗಿನ ಎರಡು ಜಗಳ

ಸನ್ಯಾಸಿಗೆ ಇಷ್ಟು ಓದು ಏಕೆ ಎಂಬ ಪ್ರಶ್ನೆ ಹೊರಗಿನವರದಷ್ಟೇ ಆಗಿರಲಿಲ್ಲ. ಲಾ ತ್ರಾಪ್ ಮಠದ ಅಧಿಪತಿ ರಾನ್ಸೆ ಅದನ್ನು ಗಟ್ಟಿಯಾಗಿಯೇ ಕೇಳಿದರು. ಸನ್ಯಾಸಿಗೆ ಪ್ರಾರ್ಥನೆ, ಮೌನ, ಮೈಮುರಿಯುವ ದುಡಿಮೆ ಸಾಕು, ಪಾಂಡಿತ್ಯ ಅಹಂಕಾರದ ದಾರಿ ಎಂಬುದು ಅವರ ಮತ. 1691ರಲ್ಲಿ ಮಾಬಿಯೋನ್ ಸನ್ಯಾಸಿಗಳ ಓದಿನ ಬಗ್ಗೆಯೇ ಒಂದು ಪುಸ್ತಕ ಬರೆದು, ಓದೂ ತಪಸ್ಸಿನ ಭಾಗ ಎಂದು ವಾದಿಸಿದರು. ಜ್ಞಾನ ದೊಡ್ಡದೋ ವೈರಾಗ್ಯ ದೊಡ್ಡದೋ ಎಂಬ ಈ ವಾದ ನಮ್ಮ ಮಠಗಳಿಗೂ ಹೊಸದಲ್ಲ. ಇಬ್ಬರೂ ಸಾಕಷ್ಟು ಬರೆದಾಡಿಕೊಂಡ ಮೇಲೆ ಮಾಬಿಯೋನರೇ ಲಾ ತ್ರಾಪ್‌ಗೆ ಹೋಗಿ ರಾನ್ಸೆಯವರನ್ನು ಕಂಡರು.

ಎರಡನೆಯ ಜಗಳ ಇನ್ನೂ ಅಪಾಯದ್ದು. ರೋಮಿನ ನೆಲಮಾಳಿಗೆಯ ಸಮಾಧಿಗಳಿಂದ ಮೂಳೆಗಳನ್ನು ತೆಗೆದು, ಹುತಾತ್ಮ ಸಂತರವೆಂದು ಹೆಸರಿಟ್ಟು, ಊರೂರಿಗೆ ಕಳಿಸಿ ಪೂಜಿಸುವ ಪದ್ಧತಿ ಆಗ ಜೋರಾಗಿತ್ತು. ಅವು ಸಂತರ ಮೂಳೆಗಳೇ ಎನ್ನಲು ಆಧಾರವೇನು ಎಂದು 1698ರಲ್ಲಿ ಮಾಬಿಯೋನ್ ಬೇರೆ ಹೆಸರಿನಲ್ಲಿ ಒಂದು ಪತ್ರ ಪ್ರಕಟಿಸಿದರು. ರೋಮಿನಲ್ಲಿ ಸಿಟ್ಟೆದ್ದಿತು. ನಿಷೇಧಿತ ಪುಸ್ತಕಗಳ ಪಟ್ಟಿಗೆ ಅದು ಸೇರುವ ಮಾತು ಬಂದಾಗ ಅವರು ಕೆಲವು ಭಾಗ ತಿದ್ದಿ 1705ರಲ್ಲಿ ಮತ್ತೆ ಅಚ್ಚು ಹಾಕಿಸಿದರು. ಭಕ್ತಿಗೂ ಆಧಾರ ಬೇಕು ಎಂಬ ಮೂಲ ನಿಲುವನ್ನು ಬಿಡಲಿಲ್ಲ. 1707ರ ಡಿಸೆಂಬರ್ 27ರಂದು ತಮ್ಮ ಮಠದಲ್ಲೇ ತೀರಿಕೊಂಡರು.

ಮಡಿಕೇರಿಯ ತಾಮ್ರಪಟದ ಮುಂದೆ

ಇದೆಲ್ಲ ದೂರದ ಕಥೆಯಲ್ಲ. ಮಾಬಿಯೋನ್ ಕಲಿಸಿದ ಪರೀಕ್ಷೆ ಎರಡು ಶತಮಾನ ದಾಟಿ ಕನ್ನಡ ನಾಡಿನ ತಾಮ್ರಪಟಗಳ ಮುಂದೆ ಬಂದು ಕೂತಿತು.

ಬೆಂಜಮಿನ್ ಲೂಯಿಸ್ ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಅವಿನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಆ ತಂದೆಯ ಹೆಸರಿನದು. ಮಗ ರೈಸ್ ಮೈಸೂರು ಸಂಸ್ಥಾನದ ಮೂಲೆ ಮೂಲೆಗಳಿಂದ ಸುಮಾರು 9,000 ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅವರಿಗೆ ಎದುರಾಗಿ ನಿಂತವರು ಜಾನ್ ಫೇತ್‌ಫುಲ್ ಫ್ಲೀಟ್. ಮುಂಬಯಿ ಪ್ರಾಂತ್ಯದ ಅಧಿಕಾರಿ, ಶಾಸನತಜ್ಞ.

ಇಬ್ಬರ ನಡುವಿನ ತಕರಾರು ಗಂಗರ ತಾಮ್ರಪಟಗಳದು. ಮಡಿಕೇರಿಯ ತಾಮ್ರಪಟವನ್ನು ನೋಡಿ. ಗಂಗ ರಾಜ ಅವಿನೀತನ ಹೆಸರು, 388 ಎಂಬ ವರ್ಷ ಅದರಲ್ಲಿವೆ. ಶಕವರ್ಷವೆಂದು ಹಿಡಿದರೆ ಕ್ರಿ.ಶ. 466. ರೈಸ್ ಅದನ್ನು ನಂಬಿ ಗಂಗರ ಚರಿತ್ರೆ ಕಟ್ಟಿದರು. ಫ್ಲೀಟ್ ಅಕ್ಷರ ನೋಡಿದರು. ಐದನೆಯ ಶತಮಾನದ್ದೆಂದು ಹೇಳಿಕೊಳ್ಳುವ ಪಟದ ಲಿಪಿ ಶತಮಾನಗಳಷ್ಟು ಈಚಿನದು. ಅದರಲ್ಲಿ ಬರುವ ಅಕಾಲವರ್ಷ ಎಂಬ ಬಿರುದು ರಾಷ್ಟ್ರಕೂಟರ ಕಾಲವನ್ನು ನೆನಪಿಸುತ್ತದೆ. ಇಂಥವುಗಳನ್ನು ಒಟ್ಟುಮಾಡಿ ಫ್ಲೀಟ್ 1901ರಲ್ಲಿ ನಕಲಿ ದಾಖಲೆಗಳ ಒಂದು ಪಟ್ಟಿಯನ್ನೇ ಪ್ರಕಟಿಸಿದರು. ಗಂಗರ ಆದಿ ರಾಜರು ಇದ್ದರೇ ಎಂಬ ಮಟ್ಟಕ್ಕೆ ಅವರ ಅನುಮಾನ ಹೋಯಿತು.

ಆಗ ಸಿಕ್ಕಿದ್ದು ಪೆನುಕೊಂಡದ ತಾಮ್ರಪಟ. ಅದೂ ಗಂಗರದ್ದೇ, ಲಿಪಿಯೂ ಕಾಲಕ್ಕೆ ತಕ್ಕದ್ದೇ. ಹಟ ಹಿಡಿದಿದ್ದ ಫ್ಲೀಟ್ ಕೂಡ ಅದು ಅಸಲಿ ಎಂದು ಒಪ್ಪಿದರು. ಹಾಗೆಂದು ಮಡಿಕೇರಿಯ ಪಟದ ಮೇಲಿನ ಅನುಮಾನ ಹೋಗಲಿಲ್ಲ. ಗಂಗರೂ ಉಳಿದರು, ಪರೀಕ್ಷೆಯೂ ಉಳಿಯಿತು. ಕಡು ಅನುಮಾನಿ ಮತ್ತು ಕಾಯುವವ ಇಬ್ಬರೂ ಇದ್ದರೆ ಮಾತ್ರ ಚರಿತ್ರೆ ಗಟ್ಟಿಯಾಗುತ್ತದೆ ಎಂಬುದಕ್ಕೆ ಪಾಪೆಬ್ರೋಕ್, ಮಾಬಿಯೋನ್ ಜೋಡಿಯ ಹಾಗೆ ಇದೂ ಒಂದು ಜೋಡಿ.

ನಮ್ಮ ಮಠಗಳ ಪೆಟ್ಟಿಗೆ

ದಾಖಲೆ ಕಾಯುವುದರಲ್ಲಿ ನಮ್ಮ ಮಠಗಳೇನೂ ಹಿಂದೆ ಬಿದ್ದಿಲ್ಲ. ಶೃಂಗೇರಿ ಮಠದಲ್ಲಿ ಕಡತಗಳಿವೆ. ಬಟ್ಟೆಗೆ ಕಪ್ಪು ಲೇಪ ಹಚ್ಚಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದ ಪುಸ್ತಕಗಳು ಅವು. ಅವುಗಳ ಜೊತೆಗೆ ರಾಜರು ಕಳಿಸಿದ ನಿರೂಪಗಳೂ ಸನ್ನದುಗಳೂ ಇವೆ. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅಲ್ಲಿ ಟಿಪ್ಪು ಸುಲ್ತಾನ್ ಜಗದ್ಗುರುಗಳಿಗೆ ಬರೆದ ಸುಮಾರು 30 ಕನ್ನಡ ಪತ್ರಗಳನ್ನು ಕಂಡರು. 1791ರಲ್ಲಿ ಮರಾಠಾ ದಂಡು ಶೃಂಗೇರಿಯನ್ನು ಲೂಟಿ ಮಾಡಿದ ಮೇಲೆ ಶಾರದಾಂಬೆಯ ಪುನಃಪ್ರತಿಷ್ಠೆಗೆ ಹಣ, ಸಾಮಾನು ಕಳಿಸಿದ ವಿವರ ಅವುಗಳಲ್ಲಿದೆ. ಟಿಪ್ಪುವಿನ ಬಗ್ಗೆ ಯಾರು ಯಾವ ಕಡೆ ವಾದ ಮಾಡಿದರೂ ಈ ಪತ್ರಗಳನ್ನು ದಾಟಿ ಹೋಗಲಾಗದು. ಅವು ಉಳಿದದ್ದು ಅರಮನೆಯಲ್ಲಲ್ಲ, ಮಠದಲ್ಲಿ.

ಮೂಡಬಿದರೆಯ ಜೈನ ಮಠದ ಕಥೆ ಇದಕ್ಕಿಂತ ಸ್ವಲ್ಪ ಬೇರೆ. ಧವಲಾ, ಜಯಧವಲಾ, ಮಹಾಧವಲಾ ಎಂಬ ಸಿದ್ಧಾಂತ ಗ್ರಂಥಗಳ ಓಲೆಪ್ರತಿಗಳು, ಹಳಗನ್ನಡ ಲಿಪಿಯಲ್ಲಿ, ಅಲ್ಲಿನ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಶತಮಾನಗಳ ಕಾಲ ಯಾತ್ರಿಕರಿಗೆ ಅವುಗಳ ದರ್ಶನವಿತ್ತು, ಓದು ಇರಲಿಲ್ಲ. 19ನೇ ಶತಮಾನದ ಕೊನೆಯಲ್ಲಿ ಪ್ರತಿ ತೆಗೆಯುವ ಕೆಲಸ ಶುರುವಾಗಿ, 1939ರಿಂದ ಅಚ್ಚಿನಲ್ಲಿ ಸಂಪುಟಗಳು ಬಂದವು. ಮುಚ್ಚಿಟ್ಟದ್ದರಿಂದ ಗ್ರಂಥ ಉಳಿಯಿತು, ತೆರೆದದ್ದರಿಂದ ಜ್ಞಾನ ಉಳಿಯಿತು. ಎರಡನೆಯದು ಆಗದೆ ಹೋಗಿದ್ದರೆ ಮೊದಲನೆಯದರಿಂದ ಗೆದ್ದಲಿಗೆ ಮಾತ್ರ ಲಾಭ.

ಬೆಂಗಳೂರಿನ 1909

ಹಳೆಯ ಬೆಂಗಳೂರಿಗೆ 1909 ಗಮನಿಸಬೇಕಾದ ವರ್ಷ. ಆ ವರ್ಷ ಮಿಥಿಕ್ ಸೊಸೈಟಿ ಹುಟ್ಟಿತು. ಅನೇಕ ವರ್ಷ ಅದರ ಅಧ್ಯಕ್ಷರಾಗಿದ್ದವರು ಫ್ರೆಂಚ್ ಕ್ಯಾಥೊಲಿಕ್ ಪಾದ್ರಿ ಎ.ಎಂ. ಟಬಾರ್ಡ್. ಅವರು ಬೆನೆಡಿಕ್ಟೀನರಲ್ಲ, ಆದರೂ ಧರ್ಮದ ದೀಕ್ಷೆ ಪಡೆದವರು ನಾಡಿನ ಚರಿತ್ರೆಗೆ ದುಡಿದ ಹಳೆಯ ಪರಂಪರೆಗೆ ಸೇರಿದವರು. ನೃಪತುಂಗ ರಸ್ತೆಯ ಡೇಲಿ ಸ್ಮಾರಕ ಭವನದಲ್ಲಿರುವ ಆ ಸಂಸ್ಥೆ ಈಗ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿ ಉಳಿಸುವ ಯೋಜನೆ ನಡೆಸುತ್ತಿದೆ. ಕಣ್ಣಿಗೆ ಸವೆದಂತೆ ಕಾಣುವ ಅಕ್ಷರವೂ ಆ ಚಿತ್ರದಲ್ಲಿ ಓದಲು ಸಿಗುತ್ತದೆ.

ಅದೇ 1909ರಲ್ಲಿ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ರಾಮಕೃಷ್ಣ ಮಠದ ಕಟ್ಟಡವನ್ನು ಸ್ವಾಮಿ ಬ್ರಹ್ಮಾನಂದರು ಉದ್ಘಾಟಿಸಿದರು. ಸುಮಾರು ಒಂದು ಶತಮಾನದ ನಂತರ, 2008ರಲ್ಲಿ, ಆ ಮಠದ ಅಧ್ಯಕ್ಷರಾಗಿದ್ದ ಸ್ವಾಮಿ ಹರ್ಷಾನಂದರ ಹಿಂದೂ ಧರ್ಮದ ವಿಶ್ವಕೋಶ ಇಂಗ್ಲಿಷಿನಲ್ಲಿ ಮೂರು ಸಂಪುಟಗಳಾಗಿ ಬಂತು. ಎಂಜಿನಿಯರಿಂಗ್ ಓದಿ ಸನ್ಯಾಸಕ್ಕೆ ಬಂದ ಅವರು ಆ ಸಂಪುಟಗಳ ಲೇಖನಗಳನ್ನು ಒಬ್ಬರೇ ಬರೆದರು. 2021ರ ಜನವರಿ 12ರಂದು ತೀರಿಕೊಂಡರು. ಪೂಜೆ, ಪ್ರವಚನ, ಆಡಳಿತಗಳ ನಡುವೆ ದಿನವೂ ಇಷ್ಟಿಷ್ಟು ಬರೆದು ಇಂಥ ದೊಡ್ಡ ಕೆಲಸ ಮುಗಿಸಲು ಗಂಟೆ ಹೊಡೆದಂತೆ ನಡೆಯುವ ಬದುಕು ಬೇಕು. ಪ್ಯಾರಿಸ್ಸಿನಲ್ಲಿ ಮಾಬಿಯೋನರಿಗೆ ಒದಗಿದ್ದೂ ಅದೇ.

ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿದೆ, ಅದರಲ್ಲಿ ಹಸ್ತಪ್ರತಿ ಸಂಗ್ರಹವಿದೆ. ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯದಲ್ಲಿ ಸಿಕ್ಕ ಓಲೆಗರಿಯಿಂದಲೇ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚಿಗೆ ತಂದರು. ಅದು ಪ್ರಕಟವಾದದ್ದೂ 1909ರಲ್ಲೇ.

ಮರುಭೂಮಿಗೆ ಹೋದ ಕ್ಯಾಮೆರಾ

ಬೆನೆಡಿಕ್ಟೀನರ ಈ ಕೆಲಸ ನಿಂತಿಲ್ಲ. ಅಮೆರಿಕದ ಮಿನೆಸೋಟದಲ್ಲಿ ಸೇಂಟ್ ಜಾನ್ಸ್ ಎಂಬ ಮಠವಿದೆ. ಎರಡನೆಯ ಮಹಾಯುದ್ಧದಲ್ಲಿ, 1944ರ ಫೆಬ್ರುವರಿಯಲ್ಲಿ, ಇಟಲಿಯಲ್ಲಿ ಸಂತ ಬೆನೆಡಿಕ್ಟರು ಕಟ್ಟಿದ್ದ ಮಾಂಟೆ ಕಸಿನೋ ಮಠ ಬಾಂಬಿಗೆ ನೆಲಸಮವಾಯಿತು. ಗ್ರಂಥಗಳನ್ನು ಮುಂಚೆಯೇ ಸಾಗಿಸಿದ್ದರಿಂದ ಅವು ಉಳಿದವು. ಇನ್ನೊಂದು ಯುದ್ಧವಾದರೆ ಗತಿಯೇನು ಎಂದು ಮಿನೆಸೋಟದ ಸನ್ಯಾಸಿಗಳು 1965ರಲ್ಲಿ ಆಸ್ಟ್ರಿಯಾದ ಮಠಗಳ ಹಸ್ತಪ್ರತಿಗಳನ್ನು ಮೈಕ್ರೋಫಿಲ್ಮ್ ಮಾಡತೊಡಗಿದರು.

2003ರಿಂದ ಆ ಕೆಲಸವನ್ನು ವಿಸ್ತರಿಸಿದವರು ಕೊಲಂಬಾ ಸ್ಟೂವರ್ಟ್ ಎಂಬ ಬೆನೆಡಿಕ್ಟೀನ್ ಸನ್ಯಾಸಿ. ಇರಾಕಿನ ಕ್ರೈಸ್ತ ಹಸ್ತಪ್ರತಿಗಳು, ಮಾಲಿಯ ತಿಂಬಕ್ಟುವಿನ ಇಸ್ಲಾಮಿ ಹಸ್ತಪ್ರತಿಗಳು, ಕೇರಳದ ಸಿರಿಯಾಕ್ ಬರಹಗಳು ಡಿಜಿಟಲ್ ರೂಪಕ್ಕೆ ಬಂದಿವೆ. ಅವರ ಪದ್ಧತಿಯಲ್ಲಿ ಒಂದು ಮುಖ್ಯ ಅಂಶವಿದೆ. ಮೂಲವನ್ನು ಯಾರೂ ಹೊತ್ತೊಯ್ಯುವುದಿಲ್ಲ. ಊರಿನವರಿಗೇ ಕ್ಯಾಮೆರಾ ಕೊಟ್ಟು ಕಲಿಸುತ್ತಾರೆ. ಪುಸ್ತಕ ಊರಲ್ಲೇ ಉಳಿಯುತ್ತದೆ, ಚಿತ್ರ ಜಗತ್ತಿಗೆ ಹೋಗುತ್ತದೆ.

ನಾವು ಮಾಡಬಹುದಾದದ್ದು

ಮಾಬಿಯೋನರ ಬದುಕಿನಿಂದ ಕಲಿಯಬೇಕಾದ್ದು ಇಷ್ಟು: ದಾಖಲೆಯನ್ನು ಕಾಯುವುದು ಅರ್ಧ ಕೆಲಸ, ಅದನ್ನು ಪರೀಕ್ಷೆಗೆ ಒಡ್ಡುವುದು ಇನ್ನರ್ಧ. ನಮ್ಮ ಅನೇಕ ಮಠ, ದೇವಸ್ಥಾನ, ಬಸದಿ, ದರ್ಗಾ, ಚರ್ಚುಗಳು ಮೊದಲನೆಯದನ್ನು ಶ್ರದ್ಧೆಯಿಂದ ಮಾಡಿವೆ. ಎರಡನೆಯದಕ್ಕೆ ಹೆದರುತ್ತವೆ. ಆಸ್ತಿ ತಕರಾರು ಏಳಬಹುದು, ಸ್ಥಳಪುರಾಣಕ್ಕೆ ಕುಂದು ಬರಬಹುದು ಎಂಬ ಅಳುಕು. ತಮ್ಮ ಪಂಥದ ಪಟ್ಟಿಯಿಂದಲೇ ಸಂತರನ್ನು ಕೈಬಿಟ್ಟ ಮಾಬಿಯೋನರಿಂದ ಬೆನೆಡಿಕ್ಟೀನರ ಹೆಸರಿಗೆ ಕಳಂಕ ಬರಲಿಲ್ಲ. ಬೆನೆಡಿಕ್ಟೀನ್ ಓದು ಎಂದರೆ ಯೂರೋಪಿನಲ್ಲಿ ಇಂದಿಗೂ ಗೌರವದ ಮಾತಾಗಿ ಉಳಿದದ್ದು ಅಂಥವರಿಂದಲೇ.

ಆದ್ದರಿಂದ ಮಠಾಧಿಪತಿಗಳಲ್ಲಿ, ಧರ್ಮದರ್ಶಿಗಳಲ್ಲಿ ಒಂದು ಕೋರಿಕೆ. ಮೊದಲು ಒಂದು ಪಟ್ಟಿ ಮಾಡಿಸಿ. ಪೆಟ್ಟಿಗೆಯಲ್ಲಿ ಏನಿದೆ, ಎಷ್ಟು ಹಾಳೆ, ಯಾವ ಲಿಪಿ ಎಂದು ಬರೆದಿಟ್ಟರೆ ಅದೇ ಅರ್ಧ ರಕ್ಷಣೆ. ನಂತರ ಪ್ರತಿ ಹಾಳೆಯ ಎರಡೂ ಬದಿಯ ಚಿತ್ರ ತೆಗೆಸಿ. ಮೂಲವನ್ನು ಯಾರಿಗೂ ಕೊಡಬೇಕಿಲ್ಲ, ಓದಲು ಬಿಟ್ಟರೆ ಸಾಕು.

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಶಾನುಭೋಗರ ಲೆಕ್ಕ, ತಾತನ ದಿನಚರಿ, ಓಲೆಗರಿಯ ಕಟ್ಟು ಇಟ್ಟುಕೊಂಡವರೂ ಇದ್ದೀರಿ. ಮನೆ ಕೆಡವುವ ಮುನ್ನ ಅಟ್ಟ ನೋಡಿ. ಹಳೆಯ ಹಾಳೆಗೆ ಸೆಲ್ಲೋಟೇಪು ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಲಿಗೆ ಒಣಗಹಾಕಬೇಡಿ. ಓಲೆಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರುವ ಪದ್ಧತಿ ಇದೆ, ಅದನ್ನು ಬಲ್ಲವರ ಕೈಯಲ್ಲೇ ಮಾಡಿಸಿ. ಗುಜರಿಯವನನ್ನು ಕರೆಯುವ ಮೊದಲು ರಾಜ್ಯ ಪತ್ರಾಗಾರ ಇಲಾಖೆಯನ್ನೋ ಸಾಹಿತ್ಯ ಪರಿಷತ್ತನ್ನೋ ಮಿಥಿಕ್ ಸೊಸೈಟಿಯನ್ನೋ ಒಮ್ಮೆ ವಿಚಾರಿಸಿ. ನಿಮಗೆ ಬೇಡವಾದ ಆ ಕಟ್ಟಿನಲ್ಲಿ ಒಂದು ಊರಿನ ಚರಿತ್ರೆ ಇರಬಹುದು. ಅದು ಇದೆಯೋ ಇಲ್ಲವೋ ಎಂದು ಬಲ್ಲವರು ನೋಡಿ ಹೇಳಲಿ.